ಹುಲಿಗೆಮ್ಮ ಓದದೆ ಬಿಟ್ಟ ಸಾಲು

ನನ್ನ ಅಕ್ಕ ಹುಲಿಗೆಮ್ಮ ಹನ್ನೊಂದು ವರ್ಷದಿಂದ ಶಿವಮೊಗ್ಗದ ಒಂದು ಹಲ್ಲಿನ ಕಾಲೇಜಿನಲ್ಲಿ ಆಯಾ. ಬೆಳಗ್ಗೆ ಭದ್ರಾವತಿಯಲ್ಲಿ ಬಸ್ ಹತ್ತಿದರೆ ಸಂಜೆಯೇ ಮನೆ. ನೆಲ ಒರೆಸುವುದು, ಬೇಸಿನ್ ತೊಳೆಯುವುದು ಅವಳ ಕೆಲಸ. ಆದರೆ ಅಲ್ಲಿಗೆ ಬರುವವರಿಗೆಲ್ಲ ಅವಳು ಬೋರ್ಡ್ ಓದುವ ಹುಲಿಗೆಮ್ಮ.

ಚೀಟಿ ಮಾಡಿಸುವ ಕಿಟಕಿಯ ಪಕ್ಕ ಕಾಲೇಜಿನವರು ದೊಡ್ಡ ಬೋರ್ಡ್ ಹಾಕಿದ್ದಾರೆ. ನಾಲ್ಕೇ ಸಾಲು. ಇದು ಕಲಿಸುವ ಆಸ್ಪತ್ರೆ. ವಿದ್ಯಾರ್ಥಿಗಳ ಪಕ್ಕದಲ್ಲಿ ಅವರ ಗುರುಗಳು ಇದ್ದೇ ಇರುತ್ತಾರೆ. ಬೇಡ ಎನ್ನುವ ಹಕ್ಕು ನಿಮಗಿದೆ. ಕಂಡದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಓದು ಬಾರದವರು ಬಂದರೆ ಅಕ್ಕ ಪೊರಕೆ ಬದಿಗಿಟ್ಟು, ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಾಳೆ. ಯಾರೂ ಹೇಳಿ ಮಾಡಿಸಿದ್ದಲ್ಲ.

ಹೋದ ತಿಂಗಳು ಮಾಚೇನಹಳ್ಳಿಯ ವರ್ಕ್‌ಶಾಪಿಗೆ ರಜೆ ಹಾಕಿ ಹಲ್ಲು ಕೀಳಿಸಲು ನಾನೂ ಹೋಗಿದ್ದೆ. ಅಕ್ಕ ಒಬ್ಬ ಮುದುಕನಿಗೆ ಓದುತ್ತಿದ್ದಳು. ಮೂರು ಸಾಲು ಮುಗಿಸಿ, "ಅಷ್ಟೇ, ಒಳಗೆ ಹೋಗಿ ತಾತ" ಎಂದಳು.

ನನಗೆ ರೇಗಿತು. "ಕೊನೇದು ಯಾಕೆ ಬಿಟ್ಟೆ? ಅವರಿಗೆ ಓದಕ್ಕೆ ಬರಲ್ಲ ಅಂತ ಮೋಸ ಮಾಡ್ತೀಯಾ?"

"ಮೆತ್ತಗೆ ಮಾತಾಡೋ ಗೋವಿಂದ. ನಿಂದು ಬಾಯೋ ಮೈಕೋ?"

"ಯಾಕೆ ಬಿಟ್ಟೆ ಹೇಳು."

ಅವಳು ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋಗಿ, ಬಾಯಿಗೆ ಹಿಡಿದಿದ್ದ ಸೆರಗು ತೆಗೆದು ಬಾಯಿ ಅಗಲಿಸಿದಳು. ಎಷ್ಟೋ ದಿನದಿಂದ ಅವಳು ಸೆರಗು ಹಿಡಿದೇ ನಗುತ್ತಿದ್ದಳು ಎನ್ನುವುದು ಆಗ ನನ್ನ ತಲೆಗೆ ಹೊಳೆಯಿತು. ಅವಳು ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದ ಎಡಗೆನ್ನೆಯ ಒಳಗೆ ಸುಣ್ಣ ಬಳಿದಂಥ ಬಿಳಿ ಕಲೆ. ಅಂಚಿನಲ್ಲಿ ಕೆಂಪು.

"ಆರು ತಿಂಗಳಾಯ್ತು. ಖಾರ ತಿನ್ನಕ್ಕಾಗಲ್ಲ."

"ಡಾಕ್ಟರ ಮಧ್ಯಾನೇ ಓಡಾಡ್ತೀಯಲ್ಲೇ ಮಾರಾಯ್ತಿ!"

"ಅದಕ್ಕೇ ಕಣೋ. ಇಂಥ ಬಾಯಿ ನೋಡಿದಾಗ ಅವರ ಮುಖ ಹೇಗಾಗುತ್ತೆ ಅಂತ ನಾನು ನೋಡಿದ್ದೀನಿ. ನನ್ನ ಬಾಯಿ ನೋಡಿನೂ ಹಂಗೇ ಆದ್ರೆ? ಮುಚ್ಚಿಡದೆ ಹೇಳಿಬಿಟ್ರೆ?"

ನನಗೂ ಹೆದರಿಕೆಯಾಯಿತು. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ, "ನಡಿ, ಈಗ್ಲೇ ತೋರಿಸು!"

"ಬೇಡ ಅನ್ನೋ ಹಕ್ಕಿದೆ. ಬೋರ್ಡ್ ನೋಡು" ಎಂದಳು.

ಗಲಾಟೆಗೆ ಮೈತ್ರಿ ಎನ್ನುವ ವಿದ್ಯಾರ್ಥಿನಿ ಓಡಿ ಬಂದಳು. ಅಕ್ಕನ ಸೆರಗು ನೋಡಿದಳು, ಕಣ್ಣು ನೋಡಿದಳು. ಕೈ ಹಿಡಿದು ಎಳೆಯಲಿಲ್ಲ. "ಹುಲಿಗೆಮ್ಮಾ, ನೀವು ಬೇಡ ಅಂದ್ರೆ ಬೇಡ. ನಾನಿನ್ನೂ ಕಲೀತಿರೋಳು, ಮೇಡಂನ ಕರೀತೀನಿ. ಸುಮ್ನೆ ನೋಡ್ಲಾ?" ಎಂದಳು. ಸಾವಿರ ಜನರಿಗೆ ಧೈರ್ಯ ಹೇಳಿದ ಅಕ್ಕ ಆ ಹುಡುಗಿಯ ಮುಂದೆ ಗಳಗಳನೆ ಅತ್ತುಬಿಟ್ಟಳು. ಆಮೇಲೆ ಬಾಯಿ ತೆರೆದಳು.

ಮೇಡಂ ಆ ಕಲೆಯಿಂದ ಹೆಸರುಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕು ಎಂದರು. ಆ ಹತ್ತು ದಿನ ಅಕ್ಕ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೊಗೆಸೊಪ್ಪಿನ ಡಬ್ಬಿಯನ್ನು ನಾನೇ ಒಲೆಗೆ ಹಾಕಿದೆ. ವರ್ಕ್‌ಶಾಪಿನಲ್ಲಿ ಕಂಡಕಂಡವರ ಮೇಲೆ ಹಾರಾಡಿದೆ. ಮಿಷನ್ ನಿಂತ ಕೂಡಲೇ ಕಣ್ಣ ಮುಂದೆ ಅದೇ ಬಿಳಿ ಕಲೆ ಬರುತ್ತಿತ್ತು.

ಹತ್ತನೆಯ ದಿನ ಇಬ್ಬರೂ ಹೋದೆವು. ಮೇಡಂ ಕಾಗದ ಹಿಡಿದು ಬಾಗಿಲಿಗೆ ಬಂದರು. ನಾನು ಅವರ ಮುಖವನ್ನೇ ನೋಡಿದೆ, ಏನೂ ತಿಳಿಯಲಿಲ್ಲ. ಅಕ್ಕ, "ನೀನಿಲ್ಲೇ ಇರು, ನಾನೊಬ್ಳೇ ಕೇಳ್ಕೋತೀನಿ" ಎಂದು ಒಳಗೆ ಹೋದಳು. ಬೇರೆ ದಿನವಾಗಿದ್ದರೆ ಬಾಗಿಲು ಒದ್ದು ನುಗ್ಗುತ್ತಿದ್ದೆನೇನೋ. ಅವತ್ತು ಚೀಟಿ ಕಿಟಕಿಯ ಕಡೆ ನಡೆದೆ.

ಬೋರ್ಡಿನ ಕೆಳಗೆ ನಿಂತಿದ್ದೆ. ಕೆನ್ನೆ ಊದಿಸಿಕೊಂಡು ಬಂದ ಅಜ್ಜಿಯೊಬ್ಬಳು, "ಏನು ಬರೆದವ್ರೆ ಇದರಲ್ಲಿ? ಓದೋ ಹೆಂಗಸು ಕಾಣ್ತಿಲ್ಲ" ಎಂದಳು. ಅಕ್ಕನ ಹಾಗೆಯೇ ಬೆರಳಿಟ್ಟು ಓದತೊಡಗಿದೆ. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

"ಅಷ್ಟೇನಾ ಮಗ?"

"ಇನ್ನೊಂದು ಸಾಲಿದೆ ಅಜ್ಜಿ. ಒಂಚೂರು ತಡಿ" ಎಂದು ಬಾಗಿಲ ಕಡೆ ನೋಡಿದೆ.