ವಾಲ್ವಿಗೆ ಕಟ್ಟಿದ ಮಸಿ

‘ನಿಧಾನವೇ ಪ್ರಧಾನ’ ಎಂದು ಬೆನ್ನಿಗೆ ಬರೆಸಿಕೊಂಡ ಲಾರಿಯೇ ಎಲ್ಲಕ್ಕಿಂತ ಜೋರಾಗಿ ಓಡುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಆ ಸೂಕ್ತಿಯನ್ನು ಅಕ್ಷರಶಃ ಪಾಲಿಸಿದ ಏಕೈಕ ಚಾಲಕ ಬಹುಶಃ ನಾನೇ. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯಿಂದ ಹೊರಟ ನನ್ನ ಕಾರನ್ನು ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳೂ ಸಲೀಸಾಗಿ ಹಿಂದೆ ಹಾಕುತ್ತಿದ್ದವು. ಒಮ್ಮೆ ಒಬ್ಬ ಪುಣ್ಯಾತ್ಮ, ಗಾಡಿ ಕೆಟ್ಟಿದೆಯೆಂದು ಭಾವಿಸಿ, ಸೈಕಲ್ ನಿಲ್ಲಿಸಿ ನೂಕಲು ಬಂದಿದ್ದ.

ಈ ಆಮೆಗತಿಗೆ ಕಾರಣವಿತ್ತು. ಹೆಂಡತಿ ಸುಮಿತ್ರಾಳ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಬೇಕು. ರಸ್ತೆಯ ಒಂದೊಂದು ತಗ್ಗೂ ಅವಳ ಮುಖದಲ್ಲಿ ಕಾಣುತ್ತಿತ್ತು. ಹಾಗಾಗಿ ಹದಿನೈದು ನಿಮಿಷದ ದಾರಿಯನ್ನು ನಾನು ನಲವತ್ತು ನಿಮಿಷಕ್ಕೆ ಹಿಗ್ಗಿಸಿದ್ದೆ. ಕಾರು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಒಂದು ವರ್ಷ ಹೀಗೆ ಕಳೆದ ಮೇಲೆ ಅದು ಕರಿಹೊಗೆ ಉಗುಳುತ್ತ, ಸಣ್ಣ ಏರಿಗೂ ಏದುಸಿರು ಬಿಡತೊಡಗಿತು. ಅವಳನ್ನು ಕೂರಿಸಿಕೊಂಡಾಗ ನಡುದಾರಿಯಲ್ಲಿ ನಿಂತುಬಿಟ್ಟರೆ ಗತಿಯೇನೆಂದು ಹೆದರಿ, ಹಳೇ ಹುಬ್ಬಳ್ಳಿಯ ಮಿಸ್ತ್ರಿ ದಾವಲಸಾಬರನ್ನು ಮನೆಗೇ ಕರೆಸಿದೆ.

ಅವರು ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯನ್ನು ಬಿಚ್ಚಿ ಟಾರ್ಚಿನ ಬೆಳಕು ಬಿಟ್ಟು ತೋರಿಸಿದರು. ವಾಲ್ವುಗಳ ಕುತ್ತಿಗೆಗೆ ಸೀದ ಬೆಲ್ಲದಂತೆ ಮಸಿ ಕಟ್ಟಿಕೊಂಡಿತ್ತು. ಚೂರು ಒಳಗೆ ಬೀಳದಂತೆ, ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ, ಒಂದೊಂದು ವಾಲ್ವೂ ಪೂರ್ತಿ ಮುಚ್ಚಿದ ಮೇಲಷ್ಟೇ ಮಸಿ ಕರಗಿಸುವ ಔಷಧಿ ಸುರಿದು, ನೆನೆಸಿ, ಬಿದಿರಿನ ಸೀಳಿನಿಂದ ಕೆರೆಯತೊಡಗಿದರು.

“ಇಂಥಾ ಟರ್ಬೊ ಗಾಡ್ಯಾಗ ಡೀಸೆಲ್ ಸೀದಾ ಸಿಲಿಂಡರಿನೊಳಗ ಬೀಳತದರಿ ಸರ. ಈ ವಾಲ್ವ್ ತೊಳಿಯಾಕ ಏನೂ ಬರೂದಿಲ್ಲ. ಎಣ್ಣಿ, ಹೊಗಿ ಎಲ್ಲಾ ಇಲ್ಲೇ ಕುಂಡರತದ. ಎಂಜಿನ್ ಚೊಲೋತ್ನಾಗಿ ಕಾಯೂಹಂಗ ಓಡಿಸಿದ್ರ ಒಂದೀಟು ಕಡಿಮಿ. ನೀವು ಓಡಿಸೇ ಇಲ್ಲ, ಮೆರವಣಿಗಿ ಮಾಡೀರಿ.”

“ಆಕಿಗೆ ತ್ರಾಸ ಆಗಬಾರದಂತರಿ” ಎಂದೆ. ಆ ಮಾತಿನಲ್ಲಿ, ಒಪ್ಪಿಕೊಳ್ಳುತ್ತೇನೆ, ತ್ಯಾಗಮೂರ್ತಿಯ ಬಿಂಕವೂ ಇತ್ತು.

ಪಡಸಾಲೆಯ ಮಂಚದಿಂದ ಸುಮಿತ್ರಾ ಮೆಲ್ಲಗೆ ಹೇಳಿದಳು: “ದಾರಿ ಲಗೂ ಮುಗದ್ರ ಸಾಕಾಗಿತ್ತುರಿ ನನಗ. ಅಷ್ಟೊತ್ತು ಕೂಡಾಕ ಆಗ್ತಿದ್ದಿಲ್ಲ. ನೀವು ಅಂಜಿ ಸ್ಟೇರಿಂಗ್ ಬಿಗಿಹಿಡಿದಿದ್ದು ನೋಡಿ ಸುಮ್ಮನಿದ್ದೆ.”

ದಾವಲಸಾಬರು ತಲೆ ಬಗ್ಗಿಸಿ ಕೆರೆಯುತ್ತಲೇ ಇದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ರಸ್ತೆಯ ತಗ್ಗುಗಳಿಗಿಂತ, ಆಸ್ಪತ್ರೆಯಲ್ಲಿ ವೈದ್ಯರು ಇವತ್ತು ಏನೆನ್ನುವರೋ ಎಂಬುದಕ್ಕೇ ನಾನು ಹೆಚ್ಚು ಹೆದರಿದ್ದೆ. ಆ ಮಾತು ಇಪ್ಪತ್ತೈದು ನಿಮಿಷ ತಡವಾಗಿ ಕೇಳಲೆಂದು ಓಡಿಸುತ್ತಿದ್ದೆ. ಆ ಪುಕ್ಕಲುತನಕ್ಕೆ ಕಾಳಜಿಯೆಂದು ಹೆಸರಿಟ್ಟು, ನೋಯುವ ಬೆನ್ನಿನವಳನ್ನು ವರ್ಷವಿಡೀ ಆ ಸೀಟಿನಲ್ಲಿ ಕೂರಿಸಿದ್ದೆ. ಬಲು ನಾಚಿಕೆಯಾಯಿತು.

ಸಂಜೆಗೆ ಎಂಜಿನ್ನು ಹಗುರಾಗಿ ಉಸಿರಾಡಿತು. ಮುಂದಿನ ಮಂಗಳವಾರ, ಹಲ್ಲು ಕಚ್ಚಿ ಓಡಿಸಿ, ಹದಿನಾಲ್ಕು ನಿಮಿಷಕ್ಕೆ ಆಸ್ಪತ್ರೆ ಮುಟ್ಟಿಸಿದೆ. ಕಾರಿನಿಂದ ಇಳಿಯುವಾಗ ಸುಮಿತ್ರಾ ಎಂದಿನಂತೆ ನನ್ನ ಹೆಗಲು ಹಿಡಿಯಲಿಲ್ಲ. ಬಾಗಿಲಿಗೆ ಕೈಯೂರಿ ತಾನೇ ಎದ್ದು ನಿಂತಳು.

ಅಂಥ ಮಂಗಳವಾರಗಳು ಅವಳ ಪಾಲಿಗೆ ಇನ್ನು ಆರೇ ಉಳಿದಿದ್ದವು.