ಹಿಂದಿನ ದಿನದ ಹಾಲು

ಹಾಲು ಒಡೆದದ್ದು ನನ್ನಿಂದ. ಸೊಸೆಯ ಕೈಗುಣದಿಂದಲ್ಲ, ಕಾಲ್ಗುಣದಿಂದಲ್ಲ, ಮನೆಯ ವಾಸ್ತುವಿನಿಂದಲೂ ಅಲ್ಲ. ಕೆಟ್ಟ ಹಾಲನ್ನು ಕೆಟ್ಟಿದೆ ಎಂದು ಗೊತ್ತಿದ್ದೇ ಅವಳ ಕೈಗೆ ಕೊಟ್ಟವಳು ನಾನು. ಕೇಳಿದಾಗ ಸುಳ್ಳು ಹೇಳಿದವಳೂ ನಾನು. ನಡೆದದ್ದು ಇಷ್ಟೇ. ಇದಕ್ಕೆ ಗ್ರಹ, ನಕ್ಷತ್ರ, ಶಾಂತಿ, ಹೋಮ ಎಂದು ಜನ ಏನೇನು ಸೇರಿಸಿದರೋ — ಅದೆಲ್ಲ ಕಸ. ಆ ಕಸವನ್ನು ಗುಡಿಸದೆ ಬಿಟ್ಟವಳೂ ನಾನು, ಆಮೇಲೆ ಅದನ್ನೇ ನನ್ನ ಅನುಕೂಲಕ್ಕೆ ಬಳಸಿಕೊಂಡವಳೂ ನಾನು.

ನಾನು ದಾವಣಗೆರೆಯವಳು. ಓದಿದ್ದು ನಾಲ್ಕನೆಯ ತರಗತಿ. ವಿಶಾಖಪಟ್ಟಣದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ತೆಲುಗಿನವರಿಗೆ ನನ್ನನ್ನು ಕೊಟ್ಟರು. ಬಂದೆ, ಭಾಷೆ ಕಲಿತೆ, ಗೋಂಗೂರ ಎನ್ನುವ ಹುಳಿಸೊಪ್ಪು ತಿನ್ನುವುದನ್ನೂ ಕಲಿತೆ. ಮಹಾರಾಣಿಪೇಟೆಯಲ್ಲಿ ಅವರು ಕೊಂಡ ಮನೆ ಬಿಳಿಯರ ಕಾಲದ್ದು. ಯಾವುದೋ ಹಡಗಿನ ಕಂಪನಿ ತನ್ನ ಸಾಹೇಬರಿಗೆಂದು ಕಟ್ಟಿಸಿದ ಮೂರಂತಸ್ತಿನ ಕಟ್ಟಡ, ಅದರಲ್ಲಿ ಮೇಲಿನ ಒಂದು ಮನೆ. ಅವರು ಕೊಂಡಾಗ ಅದು ಯಾರಿಗೂ ಬೇಡವಾಗಿತ್ತು. ಹಳೇ ಗಾರೆ, ಹಳೇ ಪೈಪು, ಕೂಗಿದರೆ ತಿರುಗಿ ಕೂಗುವಷ್ಟು ಎತ್ತರದ ಚಾವಣಿ. ಈಗ ಅದೇ ಬೀದಿಯಲ್ಲಿ ಒಂದು ಮೂಲೆ ಸಿಕ್ಕರೂ ಸಾಕು ಎಂದು ಡಾಕ್ಟರುಗಳು ಸಾಲು ನಿಲ್ಲುತ್ತಾರೆ. ತೇಗದ ಬಾಗಿಲಂತೆ, ಕಪ್ಪುಬಿಳಿ ಚೌಕದ ನೆಲವಂತೆ, ಬಾಲ್ಕನಿಯಿಂದ ಸಮುದ್ರವಂತೆ. ಅಷ್ಟು ವರ್ಷ ಆ ನೆಲ ಒರೆಸಿದ ನನಗೆ ಅದರಲ್ಲಿ ಕಂಡದ್ದು ಸೊಂಟನೋವು.

ಹಾಲಿನ ವಿಷಯ ಮೊದಲು ಮುಗಿಸುತ್ತೇನೆ. ನನ್ನ ಮಗ ಶೇಖರ ಸುಜಾತಳನ್ನು ಮದುವೆಯಾಗಿ ಕರೆತಂದ ದಿನ. ಇವರ ಮನೆತನದಲ್ಲಿ ಹೊಸ ಸೊಸೆ ಬಂದ ಕೂಡಲೇ ಒಲೆಯ ಮೇಲೆ ಹಾಲಿಡಬೇಕು, ಅದು ಉಕ್ಕಿ ಒಲೆಯ ಮೇಲೆ ಚೆಲ್ಲಬೇಕು, ನೆಂಟರೆಲ್ಲ ನಿಂತು ನೋಡಬೇಕು. ಬೆಳಿಗ್ಗೆ ಬಂದ ತಾಜಾ ಹಾಲು ನನ್ನ ನಾದಿನಿ ಸತ್ಯವತಿಯ ಕಡೆಯವರ ಎರಡನೆಯ ಸುತ್ತಿನ ಕಾಫಿಗೆ ಮುಗಿದುಹೋಗಿತ್ತು. ಉಳಿದದ್ದು ಹಿಂದಿನ ದಿನದ್ದು. ರಾತ್ರಿಯೆಲ್ಲ ಕರೆಂಟು ಇರಲಿಲ್ಲ, ಫ್ರಿಜ್ಜು ಬೆವರುತ್ತಿತ್ತು. ಪಾತ್ರೆಯ ಮುಚ್ಚಳ ತೆಗೆದೆ. ಮೂಗಿಗೆ ಗೊತ್ತಾಯಿತು.

ಪಕ್ಕದ ಮನೆಯಲ್ಲಿ ಕೇಳಿದ್ದರೆ ಕೊಡುತ್ತಿದ್ದರು. ಮದುವೆಮನೆಯ ಯಜಮಾನಿ ರೇಷ್ಮೆ ಸೀರೆ ಉಟ್ಟು ಪಾತ್ರೆ ಹಿಡಿದುಕೊಂಡು ಹೋಗಿ ಹಾಲು ಬೇಡುವುದೇ — ಇದೇ ನನ್ನ ತಲೆಯಲ್ಲಿದ್ದದ್ದು, ಬೇರೇನೂ ಅಲ್ಲ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗುತ್ತಿದ್ದರು. ಒಡೆಯುವುದರೊಳಗೆ ಉಕ್ಕಿಬಿಡಬಹುದು ಎಂದುಕೊಂಡು ಸುರಿದುಕೊಟ್ಟೆ.

ಉಕ್ಕಲಿಲ್ಲ. ಒಡೆದು ಗಡ್ಡೆಗಡ್ಡೆಯಾಗಿ ನೀರು ಬೇರೆಯಾಯಿತು. ಆ ಹುಡುಗಿ, ಕೈತುಂಬ ಬಳೆ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಅತ್ತಯ್ಯ, ಇದು ಯಾವಾಗಿನ ಹಾಲು?"

"ಇವತ್ತು ಬೆಳಿಗ್ಗೆ ಬಂದದ್ದು," ಎಂದೆ. "ತಾಜಾ ಹಾಲು."

ಆ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ನನಗೇ ಅದು ನಿಜ ಅನ್ನಿಸಿತು. ಸತ್ಯವತಿ ಉಸಿರುಬಿಟ್ಟು, "ಹೋಗ್ಲಿ ಬಿಡಿ ವದಿನ, ಯಾರ್ಯಾರ ಕೈ ಹೇಗೋ," ಎಂದಳು. ವದಿನ ಅಂದರೆ ಅತ್ತಿಗೆ. ನನಗೆ ಹೇಳಿದ್ದು, ಆದರೆ ನೋಡಿದ್ದು ಸುಜಾತಳ ಕೈಗಳನ್ನು.

ಅದೇ ವರ್ಷ ನನ್ನ ಯಜಮಾನರು ಹೋದರು. ಅವರ ಎದೆ ಮದುವೆಗೆ ಮೊದಲೇ ಕೆಟ್ಟಿತ್ತು. ಡಾಕ್ಟರು ಹೇಳಿದ್ದು ಅವರಿಗೂ ನನಗೂ ಮಾತ್ರ ಗೊತ್ತು. ಮಗನ ಮದುವೆ ಮುಗಿಯುವ ತನಕ ಬಾಯಿಬಿಡಬೇಡ ಎಂದಿದ್ದರು. ಅವರು ಹೋದ ಮೇಲಾದರೂ ಬಿಡಬಹುದಿತ್ತು. ಸತ್ಯವತಿ ಒಡೆದ ಹಾಲಿಗೂ ಅಣ್ಣನ ಸಾವಿಗೂ ಗಂಟು ಹಾಕುತ್ತಿದ್ದಾಗ ನಾನು ಅಲ್ಲೇ ಕೂತಿದ್ದೆ. ಅಳುತ್ತಿದ್ದೆ, ನಿಜ. ಆದರೆ ಅಳುವವಳಿಗೂ ಬಾಯಿ ಇರುತ್ತದೆ.

ಮಗ ಸೊಸೆ ವಿಜಯವಾಡಕ್ಕೆ ಹೋದರು. ಆಟೋನಗರದಲ್ಲಿ ಶೇಖರ ಲಾರಿ ಬಾಡಿ ಕಟ್ಟುವ ಶೆಡ್ಡು ಹಾಕಿದ. ಸುಜಾತ ಅಲ್ಲಿ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಬಾ ಬಾ ಎಂದು ಇಬ್ಬರೂ ಕರೆದರು. ಮಹಾರಾಣಿಪೇಟೆಯ ಮನೆ ಮಾರಿ ಅಲ್ಲೇ ಎಲ್ಲರೂ ಒಟ್ಟಿಗಿರುವ ಮನೆ ಕೊಳ್ಳೋಣ ಎಂದರು. ಸುಜಾತಳೇ ಹೆಚ್ಚು ಹೇಳಿದ್ದು, ಅದನ್ನೂ ಬರೆಯಬೇಕು.

ನನಗೆ ಮನಸ್ಸಿರಲಿಲ್ಲ. ನೆನಪುಗಳು, ಅವರು ಕೂತ ಕುರ್ಚಿ, ಸಮುದ್ರದ ಗಾಳಿ — ಎಂಥದೂ ಅಲ್ಲ. ನನ್ನ ಅಡುಗೆಮನೆಯಲ್ಲಿ ನಾನು ಹೇಳಿದ್ದೇ ನಡೆಯಬೇಕು, ಅಷ್ಟೇ. ಇನ್ನೊಬ್ಬಳ ಒಲೆಯ ಹತ್ತಿರ ಹೋಗಿ ಸಾಸಿವೆ ಎಲ್ಲಿದೆಯಮ್ಮಾ ಎಂದು ಕೇಳುವುದು ನನ್ನಿಂದ ಆಗದು. ಇದನ್ನು ಮಗನಿಗೆ ನೇರವಾಗಿ ಹೇಳಬಹುದಿತ್ತು. ಎಲ್ಲರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಹೆಸರು ಪಡೆದವಳು ನಾನು. ಈ ಒಂದು ಮಾತು ಬರಲಿಲ್ಲ. ಆಗಲಿ, ಮಾರು ಎಂದೆ.

ಬ್ರೋಕರ್ ಅಪ್ಪಲರಾಜು ಜನರನ್ನು ಕರೆತರತೊಡಗಿದ. ಎಂಥೆಂಥ ಜನ. ಒಬ್ಬ ಫೋನಿನಲ್ಲಿ ದಿಕ್ಕು ನೋಡುತ್ತ ಬಚ್ಚಲಿನೊಳಗೂ ನಿಂತು ಗಿರಗಿರ ತಿರುಗಿದ. ಒಬ್ಬಳು ಚಪ್ಪಲಿ ಬಿಡದೆ ಬಾಲ್ಕನಿಗೆ ಹೋಗಿ ವಿಡಿಯೊ ಮಾಡಿಕೊಂಡಳು. ಇನ್ನೊಬ್ಬ ಚಾವಣಿ ನೋಡಿ, "ಇಷ್ಟೆತ್ತರ ಯಾಕಮ್ಮಾ, ಎಸಿ ಹಾಕಿದ್ರೆ ತಣ್ಣಗಾಗೋದು ಯಾವಾಗ?" ಎಂದ.

"ಎಸಿ ಇಲ್ಲದ ಕಾಲದವರು ತಣ್ಣಗಿರಲಿ ಅಂತಲೇ ಅಷ್ಟೆತ್ತರ ಕಟ್ಟಿದ್ದು ಕಣಯ್ಯಾ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಗಂಡಸರು ಹಾಲ್‌ನಲ್ಲಿ ಮಾತಾಡುವಾಗ ಮನೆಯ ಹಿರಿಯ ಹೆಂಗಸು ಅಡುಗೆಮನೆಗೆ ಬರುತ್ತಾಳೆ. ಈ ಊರಿನಲ್ಲಿ ಮನೆ ತೆಗೆದುಕೊಳ್ಳುವುದು ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ. ಮೊದಲ ಸಲ ಬಂದ ಹೆಂಗಸು ಗ್ಯಾಸಿನ ಕಟ್ಟೆ ಸವರುತ್ತ, "ಈ ಮನೆ ನಿಮಗೆ ಕೂಡಿಬಂತಾ ಅಮ್ಮಾ?" ಎಂದು ಕೇಳಿದಳು. ನನಗೆ ಬಾಯಿಗೆ ಬಂತು, ಹೇಳಿದೆ: "ನಮ್ಮ ಸೊಸೆ ಬಂದ ದಿನ ಇಲ್ಲಿ ಹಾಲಿಟ್ಟಳು, ಒಡೀತು. ಅದೇ ವರ್ಷ ನಮ್ಮವರು ಹೋದರು."

ಸವರುತ್ತಿದ್ದ ಕೈ ಹಿಂದಕ್ಕೆ ಹೋಯಿತು. ಕಾಫಿ ಕುಡಿಯದೆ ಹೋದರು.

ಮೊದಲ ಸಲ ಅದು ಬಾಯಿ ತಪ್ಪಿ ಬಂದದ್ದು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಎರಡನೆಯ ಸಲ ಹಾಗಲ್ಲ. ಆಮೇಲೆ ಯಾರು ಬಂದರೂ ಅದೇ ಮಾತು, ಅದೇ ದನಿ, ಕೊನೆಗೊಂದು ನಿಟ್ಟುಸಿರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ನನಗೆ ನಾನೇ — ಎಂಥ ಬುದ್ಧಿವಂತಿಕೆ. ಅಪ್ಪಲರಾಜು ಒಂದು ದಿನ ಸೋಫಾದ ಮೇಲೆ ಕುಸಿದು ಕೂತ.

"ಅಮ್ಮಗಾರೂ, ಗಂಡಸರೆಲ್ಲ ಓಕೆ ಅಂತಾರೆ. ಹೆಂಗಸರು ನಿಮ್ಮ ಅಡುಗೆಮನೆಗೆ ಹೋಗಿಬಂದ್ರೆ ಸೀದಾ ಚಪ್ಪಲಿ ಹುಡುಕ್ತಾರೆ. ಒಳಗೆ ಏನಿದೆಯಂಡಿ?"

"ಗ್ಯಾಸ್ ಒಲೆ ಇದೆ. ಹೋಗಿ ನೋಡು."

ಅವನು ಯಾರನ್ನೋ ವಿಚಾರಿಸಿದ, ಕಾರಣ ಗೊತ್ತಾಯಿತು. ಅವನಿಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ. ಪಾಪ ಮುದುಕಿ, ದುಃಖ ಹೇಳಿಕೊಳ್ಳುತ್ತಾಳೆ ಎಂದುಕೊಂಡ. ಶೇಖರನಿಗೆ ಫೋನು ಮಾಡಿ, ಸೊಸೆಯ ಹೆಸರು ಆ ಮನೆಗೆ ಅಂಟಿಕೊಂಡಿದೆ ಎಂದ. ಶೇಖರ ಅದನ್ನು ಸತ್ಯವತಿಗೆ ಹೇಳಿದ. ವಿಜಯವಾಡದಲ್ಲೇ ಇರುವ ಸತ್ಯವತಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಕೂಗುವುದೂ ಒಂದೇ.

ಅವಳ ಮಗಳ ಮದುವೆಯಲ್ಲಿ ಮುತ್ತೈದೆಯರು ಅರಿಶಿನ ಕುಟ್ಟುವಾಗ ಸುಜಾತ ಒನಕೆಗೆ ಕೈ ಚಾಚಿದಳು. ಸತ್ಯವತಿ ನಗುತ್ತಲೇ ಒನಕೆಯನ್ನು ಬೇರೆಯವಳಿಗೆ ಕೊಟ್ಟಳು. "ನೀನು ಊಟದ ಕಡೆ ನೋಡ್ಕೋಮ್ಮಾ, ನಿನ್ನಷ್ಟು ಚುರುಕು ಯಾರಿದಾರೆ?" ಎಂದಳು. ಸುಜಾತ ಹೋಗಿ ಎಲೆ ತೊಳೆಯುತ್ತ ನಿಂತಳು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದೆ. ನೋಡಿ, ಕೊಟ್ಟ ಲಾಡು ತಿಂದೆ.

ಈ ಸಲದ ಭಾನುವಾರ ಒಬ್ಬ ಡಾಕ್ಟರ ಮನೆಯವರು ನೋಡಲು ಬರುವವರಿದ್ದರು. ಶೇಖರ, ಸುಜಾತ, ಮೊಮ್ಮಗಳು ಚಿನ್ನಿ ವಿಜಯವಾಡದಿಂದ ಕಾರಿನಲ್ಲಿ ಬಂದರು. ಮೇಲೆ ಬಂದದ್ದು ಅಪ್ಪ ಮಗಳು ಮಾತ್ರ.

"ಸುಜಾತ ಎಲ್ಲಿ?"

"ಕೆಳಗೆ ಕಾರಲ್ಲಿದಾಳೆ ಅಮ್ಮ. ಅವರು ನೋಡ್ಕೊಂಡು ಹೋಗೋ ತನಕ ಕಾಣಿಸಿಕೊಳ್ಳೋದು ಬೇಡ ಅಂತ ಬ್ರೋಕರ್ ಹೇಳಿದ. ಅವಳೂ ಆಯ್ತು ಅಂದಳು." ಮಗ ನನ್ನ ಮುಖ ನೋಡದೆ ಹೇಳಿದ.

ಬಾಲ್ಕನಿಗೆ ಹೋದೆ. ಬೇಸಿಗೆಯ ಬಿಸಿಲು. ಕಾರಿನ ಬಾಗಿಲು ತೆರೆದಿಟ್ಟು, ಒಂದು ಕಾಲು ಹೊರಗೆ ಇಟ್ಟು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು. ಕೆಳಗಿನ ಮನೆಯವರು ಒಳಗೆ ಕರೆದರು, ಬೇಡ ಎಂದು ಕೈ ಆಡಿಸಿದಳು. ನನ್ನ ಪಕ್ಕದಲ್ಲಿ ಚಿನ್ನಿ ಕಂಬಿಗೆ ಗಲ್ಲ ಒತ್ತಿ ನಿಂತಿತ್ತು. ಅದಕ್ಕೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಜೊತೆ ಮಾತ್ರ ಆಡುತ್ತದೆ.

"ಅಜ್ಜಿ, ಅಮ್ಮ ಬಂದ್ರೆ ಮನೆ ಸೇಲ್ ಆಗಲ್ಲ ಅಂತೆ. ನಾನು ಅಮ್ಮಂದೇ ಅಲ್ವಾ? ನಾನು ಬಂದಿದ್ದು ಪರವಾಗಿಲ್ವಾ?"

ಡಾಕ್ಟರ ಮನೆಯವರು ಬಂದ ಸದ್ದಾಯಿತು, ನಾನು ಒಳಗೆ ಹೋದೆ. ಬಂದವರ ಜೊತೆಯ ಹಿರಿಯ ಹೆಂಗಸು ಆಗಲೇ ಅಡುಗೆಮನೆಯಲ್ಲಿದ್ದಳು. ಎಲ್ಲರೂ ಕೇಳುವುದನ್ನೇ ಕೇಳಿದಳು. "ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತೆ," ಎಂದಷ್ಟೇ ಹೇಳಿದೆ. ನೋಡಿ ಹೇಳುತ್ತೇವೆ ಎಂದು ಹೋದರು. ಅವರು ಹೋದ ಮೇಲೆ ಸುಜಾತ ಮೇಲೆ ಬಂದಳು, ನೀರು ಕುಡಿದಳು, ಅವರು ಕುಡಿದಿಟ್ಟ ಲೋಟಗಳನ್ನು ತೊಳೆಯತೊಡಗಿದಳು. ಅಷ್ಟರಲ್ಲಿ ಸತ್ಯವತಿಯ ಫೋನು. ಶೇಖರ ಎಂದಿನಂತೆ ಸ್ಪೀಕರಿಗೆ ಹಾಕಿದ್ದ. "ಅವಳನ್ನ ಮೇಲೆ ಕರೀಲಿಲ್ಲ ತಾನೇ?"

ಸುಜಾತ ನಲ್ಲಿಯ ಮುಂದಿನಿಂದಲೇ, "ಕೆಳಗೇ ಇದ್ದೆ ಚಿನ್ನತ್ತಯ್ಯ," ಎಂದಳು. ಸತ್ಯವತಿ ಅವಳಿಗೆ ಚಿನ್ನತ್ತಯ್ಯ, ಅಂದರೆ ಚಿಕ್ಕತ್ತೆ. ಸಿಟ್ಟಿಲ್ಲ, ಏನಿಲ್ಲ. ಹಾಜರಿ ಹೇಳಿದ ಹಾಗೆ.

ಫೋನು ಮುಗಿದ ಮೇಲೆ ಅವಳ ಪಕ್ಕಕ್ಕೆ ಹೋಗಿ ನಿಂತು ಹೇಳಿದೆ. ಹಾಲು ಹಿಂದಿನ ದಿನದ್ದು, ಗೊತ್ತಿದ್ದೇ ಕೊಟ್ಟೆ ಎಂದೆ. ಬಂದವರಿಗೆಲ್ಲ ಹೇಳಿ ಹೆದರಿಸಿ ಕಳಿಸಿದ್ದೂ ನಾನೇ ಎಂದೆ. ಅವಳು ಕೈಯಲ್ಲಿದ್ದ ಲೋಟ ತೊಳೆದು ಮುಗಿಸಿ, ನಲ್ಲಿ ನಿಲ್ಲಿಸಿದಳು.

"ಎರಡನೇದು ಗೊತ್ತಿರಲಿಲ್ಲ," ಎಂದಳು. "ಮೊದಲನೇದು ನನಗ್ಯಾಕೆ ಹೇಳ್ತೀರಿ ಅತ್ತಯ್ಯ? ಒಲೆ ಮುಂದೆ ನಿಂತಿದ್ದವಳು ನಾನು. ನನಗೂ ಮೂಗಿದೆ. ಅವತ್ತು ನಾನು ಕೇಳಿದ್ದು ತಿಳಿಯದೆ ಅಲ್ಲ, ನೀವು ಎಲ್ಲರ ಮುಂದೆ ಹೇಳ್ಲಿ ಅಂತ."

ನಾನು ಏನೋ ಹೇಳಲು ಹೋದೆ. ಏನು ಹೇಳಲು ಹೋಗಿದ್ದೆನೋ —

"ನನಗೆ ಹೇಳಿದ್ರೆ ನಿಮಗೆ ಹಗುರ ಆಗತ್ತೆ. ನನಗೇನಾಗತ್ತೆ?" ಎಂದು ಕೈ ಒರೆಸಿಕೊಂಡು ಹೋದಳು.

ಇಷ್ಟು ವರ್ಷ ನಾನು ಅವಳನ್ನು ಬಾಯಿ ಇಲ್ಲದ ಹುಡುಗಿ ಎಂದುಕೊಂಡಿದ್ದೆ. ಅವಳು ಬಾಯಿ ಮುಚ್ಚಿಕೊಂಡು ನನ್ನ ಮರ್ಯಾದೆ ಕಾಪಾಡಿದ್ದಳು. ನಾನು ಬಾಯಿ ತೆರೆದು ಅವಳದನ್ನು ಮಾರಿದ್ದೆ. ವಯಸ್ಸಾಗಿತ್ತು, ಒಬ್ಬಳೇ ಇದ್ದೆ, ಗಂಡನನ್ನು ಕಳೆದುಕೊಂಡಿದ್ದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಹೇಳುವುದು ಬೇಡ.

ಮರುದಿನ ಬೆಳಿಗ್ಗೆ ಅವರು ಹೊರಡುವ ಮುಂಚೆ ಶೇಖರನನ್ನು ಕೂರಿಸಿದೆ. ಸುಜಾತಳನ್ನು ಎದುರಿಗೆ ಕೂರಿಸಿದೆ. "ಅವತ್ತು ಅಡುಗೆಮನೆಯಲ್ಲಿ ಯಾರ್ಯಾರು ನಿಂತಿದ್ದರೋ ಒಬ್ಬೊಬ್ಬರಿಗೂ ಫೋನು ಹಚ್ಚು. ಸ್ಪೀಕರಿಗೆ ಹಾಕು," ಎಂದೆ. ಮೊದಲು ಸತ್ಯವತಿ. ಹಾಲಿನದನ್ನೂ ಹೇಳಿದೆ, ಅವಳ ಅಣ್ಣನ ಎದೆ ಮೊದಲೇ ಕೆಟ್ಟಿತ್ತು ಎಂಬುದನ್ನೂ ಹೇಳಿದೆ.

"ವದಿನ, ನಿಮ್ಮ ಆರೋಗ್ಯ ಸರಿಯಾಗಿದೆ ತಾನೇ?"

"ಸರಿಯಾಗಿದೆ. ಕೇಳಿಸಿಕೊಂಡೆಯೋ ಇಲ್ಲವೋ?"

"ಕೇಳಿಸ್ಕೊಂಡೆ."

"ಹಾಗಾದರೆ ಸುಜಾತ ಇಲ್ಲೇ ಇದಾಳೆ, ಅವಳ ಹತ್ತಿರ ಮಾತಾಡು."

ಅವಳು ಫೋನು ಇಟ್ಟುಬಿಟ್ಟಳು. ಇಡಲಿ, ಸಂಜೆಗೆ ಮತ್ತೆ ಮಾಡುತ್ತೇನೆ. ಮುಂದಿನವರಿಗೆ ಹಚ್ಚಿಸಿದೆ, ಅವರ ನಂತರದವರಿಗೆ ಹಚ್ಚಿಸಿದೆ. ಒಬ್ಬರು ನಕ್ಕರು. ಒಬ್ಬರು ಈಗ ಯಾಕೆ ಅದೆಲ್ಲ ಎಂದರು. ಅಪ್ಪಲರಾಜುವಿಗೂ ಹೇಳಿದೆ, ಅವನು ತಲೆ ಚಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು.

ಶೇಖರನ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಮಚಿಲೀಪಟ್ಟಣದ ದೊಡ್ಡತ್ತೆ, ನನ್ನ ಯಜಮಾನರ ಅಕ್ಕ. ಆ ದಿನ ಒಲೆಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು. ಆಮೇಲೆ ಯಾವ ಊಟದಲ್ಲಿ ಸುಜಾತ ಬಡಿಸಲು ಬಂದರೂ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ನಂಬರು ಇನ್ನೂ ಹಾಗೇ ಇತ್ತು.

"ಅಮ್ಮ, ಇವರು..." ಎಂದ ಶೇಖರ.

ಸುಜಾತ ಆ ಹೆಸರನ್ನೇ ನೋಡುತ್ತಿದ್ದಳು.

"ಮುಂದಿನವರಿಗೆ ಹಚ್ಚು," ಎಂದೆ.