ಡಿಂಪ್ನಾ ತಿದ್ದಿದ ಹುಬ್ಬು

ಕಿಲ್‌ರೂನ್‌ನಲ್ಲಿ ಮುಖ ಅಂತ ಒಂದನ್ನು ಹೊತ್ತವರೆಲ್ಲ ಡಿಂಪ್ನಾ ಗಿಲ್‌ಹೂಲಿಗೆ ಹೆದರುತ್ತಿದ್ದರು. ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡರೆ ನಾಲ್ಕು ಜಪದಲ್ಲಿ ಕಳೆದುಹೋಗುತ್ತದೆ. ಡಿಂಪ್ನಾಳ ಮುಂದೆ ತಪ್ಪು ಬಣ್ಣದ ತುಟಿ ಹೊತ್ತು ನಿಂತರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು. ಪೇಟೆಬೀದಿಯ ಔಷಧಿ ಅಂಗಡಿಯಲ್ಲಿ ಬಲಗಡೆ ಕೆಮ್ಮಿನ ಔಷಧಿ, ಕುರಿಗಳ ಹೊಟ್ಟೆಹುಳದ ಔಷಧಿ; ಎಡಗಡೆ ಪೌಡರು, ತುಟಿಬಣ್ಣ ಜೋಡಿಸಿದ ಗಾಜಿನ ಕಟ್ಟೆಯ ಹಿಂದೆ ಡಿಂಪ್ನಾ, ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು, ಒಂದು ಕೂದಲೂ ಅಲುಗದಂತೆ.

ಹದಿನೇಳರ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿಗೆ ಹೋಗಿ ದೊಡ್ಡ ಅಂಗಡಿಯೊಂದರಲ್ಲಿ ಮುಖದ ಬಣ್ಣ ಮಾರುವುದನ್ನು ಕಲಿತು, ಅಪ್ಪ ಹಾಸಿಗೆ ಹಿಡಿದಾಗ ಊರಿಗೆ ಬಂದವಳು ಇಲ್ಲೇ ಉಳಿದಳು. ಅಪ್ಪ ಹೋದ, ಮದುವೆ ಆಗಲಿಲ್ಲ, ಕಟ್ಟೆ ಸಿಕ್ಕಿತು. ಅವಳ ಬರಿಮುಖ ನೋಡಿದವರು ಊರಲ್ಲಿ ಇಲ್ಲ. ಹಾಲಿನ ಬಾಟಲಿ ಎತ್ತಿಕೊಳ್ಳಲು ಬಾಗಿಲು ತೆರೆಯುವಾಗಲೂ ಪೌಡರು ಕೂತಿರುತ್ತಿತ್ತು.

ಅಭಿಪ್ರಾಯ ಕೇಳಲು ಅವಳ ಬಳಿ ಹೋಗಬೇಕಾಗಿರಲಿಲ್ಲ, ಅದೇ ಬೀದಿ ದಾಟಿ ಬರುತ್ತಿತ್ತು.

"ಬಸವನಹುಳದ ಲೋಳೆ ಹಾಕಿದ ಕ್ರೀಮಂತೆ. ಹಚ್ಚಿದ್ರೆ ಚರ್ಮ ನುಣ್ಣಗಾಗುತ್ತಂತೆ. ನನ್ನ ಕೋಸಿನ ಮೇಲೆ ಇಪ್ಪತ್ತು ವರ್ಷದಿಂದ ಹರಿದಾಡ್ತಿವೆ, ಕೋಸು ತೂತಾಯ್ತೇ ಹೊರತು ನುಣ್ಣಗಾಗಲಿಲ್ಲ ಕಣಮ್ಮ."

"ಮಂಡಿ ಹರಿದ ಪ್ಯಾಂಟಿಗೆ ಅಷ್ಟು ದುಡ್ಡಾ? ನಮ್ಮಪ್ಪ ಜೌಗುನೆಲದಲ್ಲಿ ಉರುವಲು ಮಣ್ಣು ಕಡಿಯುವಾಗ ಅದನ್ನೇ ಹಾಕ್ತಿದ್ದ. ಪಾಪ, ಅವನ ಫೋಟೋ ಯಾರೂ ತೆಗೀಲಿಲ್ಲ."

ಅಂಟು ರೆಪ್ಪೆ ಹಾಕಿಕೊಂಡು ಬಂದ ಮದುಮಗಳಿಗೆ, "ಕಣ್ಣು ಮುಚ್ಚಿ ತೆಗೀಬೇಡ ತಾಯಿ, ಗಾಳಿಗೆ ನನಗೆ ನೆಗಡಿಯಾಗುತ್ತೆ" ಅಂದಿದ್ದಳು. ಮದುಮಗಳು ಅತ್ತಳು, ರೆಪ್ಪೆ ಕಿತ್ತಳು, ಮದುವೆಯ ದಿನ ನಿಜಕ್ಕೂ ಚೆನ್ನಾಗಿ ಕಂಡಳು. ಡಿಂಪ್ನಾಳ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಅದರಲ್ಲೂ ಬಾಟಲಿಯ ಬಿಸಿಲು ಹಚ್ಚುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸೂರ್ಯ ನಮ್ಮ ಕಡೆಗೆ ಅಪರೂಪದ ನೆಂಟ. ಬಂದರೂ ಕೋಟು ಬಿಚ್ಚದೆ ಹೊರಟುಬಿಡುತ್ತಾನೆ. ಅದಕ್ಕೇ ಮದುವೆ, ಕುಣಿತ, ಚರ್ಚಿನಲ್ಲಿ ಮಕ್ಕಳ ಮೊದಲ ಪ್ರಸಾದ, ಎಲ್ಲದಕ್ಕೂ ಹುಡುಗಿಯರು ಕಂದುಬಣ್ಣವನ್ನು ಬಾಟಲಿಯಿಂದಲೇ ಬಳಿದುಕೊಳ್ಳಬೇಕು. ಬೇರೆಯವರು ಬಳಿದರೆ ಮೊಣಕೈ ಕ್ಯಾರೆಟ್ಟಾಗುತ್ತಿತ್ತು. ಡಿಂಪ್ನಾ ಬಳಿದರೆ ಸ್ಪೇನಿನ ಕಡಲದಂಡೆಯಿಂದ ಆಗತಾನೆ ಇಳಿದ ಹಾಗಿರುತ್ತಿತ್ತು.

ಅವಳ ಕೈಗೆ ಸಿಗದ ಮುಖ ಒಂದೇ ಒಂದು, ನೋನಿ ಟಾನ್ಸಿಯದು.

ಕೆರೆದಾರಿಯ ನೋನಿ ಕೋಳಿ ಸಾಕುತ್ತಿದ್ದ ಹೆಂಗಸು. ಗಂಡ ಮ್ಯಾಟಿಯ ಎದೆಯ ಮಾತ್ರೆಗೆಂದು ಶುಕ್ರವಾರ ಶುಕ್ರವಾರ ಅಂಗಡಿಗೆ ಬರುವಳು. ಗಾಳಿಗೆ ಬೆಂದ ಕೆನ್ನೆ, ಅವಳ ಕೋಳಿಮೊಟ್ಟೆಗಳ ಮೇಲಿದ್ದಂಥದೇ ಕಂದು ಚುಕ್ಕೆ, ಎಡಹುಬ್ಬಿನ ನಡುವೆ ಕೂದಲಿಲ್ಲದ ಸೀಳು. ಮದುವೆಯಾದ ವರ್ಷ ಹುಲ್ಲಿನ ಗಾಡಿಯ ಮೇಲೆ ನಿಂತು ಹೊರೆ ಬಿಗಿಯುತ್ತಿದ್ದ ಮ್ಯಾಟಿ ಹಗ್ಗ ಎಸೆದಾಗ ಅದರ ತುದಿಯ ಕಬ್ಬಿಣದ ಕೊಕ್ಕೆ ಬೀಸಿ ಬಂದು ಬಡಿದ ಗುರುತು ಅದು. ಇವಳು ರಕ್ತ ಒರೆಸಿಕೊಂಡು ಗೇಟಿನ ಬಳಿ ಕೂತು ಅಳುತ್ತಿದ್ದ ಅವನನ್ನು ಸಮಾಧಾನ ಮಾಡಿದಳಂತೆ.

ಮಾತ್ರೆ ಕಟ್ಟುವವರೆಗೆ ನೋನಿ ಗಾಜಿನ ಕಟ್ಟೆಗೆ ಒರಗಿ ನಿಲ್ಲುವಳು. ಡಿಂಪ್ನಾ ಬಿಡಬೇಕಲ್ಲ.

"ಬಾ ಇಲ್ಲಿ ನೋನಿ. ಪೆನ್ಸಿಲಲ್ಲಿ ಎರಡು ಗೀಟು, ಆ ಸೀಳು ಮುಚ್ಚಿಹೋಗುತ್ತೆ. ಮಳೇಲಿ ನೆಂದ್ರೂ ಹೋಗಲ್ಲ, ಅತ್ತರೂ ಹೋಗಲ್ಲ."

"ನನ್ನ ಮುಖಕ್ಕಾ? ಹಸುಗೆ ಕಿವಿಯೋಲೆ ಹಾಕಿದ ಹಾಗಾಗುತ್ತೆ ಬಿಡು ಮಾರಾಯ್ತಿ."

"ಬೀಳುಬಿಟ್ಟ ಹೊಲ ಕಣೇ ನಿನ್ನ ಮುಖ. ನೋಡಿದ್ರೆ ನನ್ನ ಕೈ ತುರಿಸುತ್ತೆ."

"ತುರಿಸಿಕೋ. ಮ್ಯಾಟಿ ಕಣ್ಣು ಪೂರಾ ಮಂಜು ಈಗ. ಬೆಳಿಗ್ಗೆ ಎದ್ದವನೇ ಹೆಬ್ಬೆರಳು ಹಾಕಿ ಈ ಸೀಳು ಹುಡುಕ್ತಾನೆ, ಇದು ಸಿಕ್ಕಿದ್ಮೇಲೇ ಟೀ ಕೇಳೋದು. ಮುಚ್ಚಿಬಿಟ್ರೆ ಪಾಪ, ಯಾರನ್ನ ಕೇಳ್ತಾನೆ?"

ಡಿಂಪ್ನಾ ನಕ್ಕಳು. ಸಾಯುವವರೆಗೂ ಇಂಥ ಹಳ್ಳಿಗುಗ್ಗುತನ ಹೋಗದು ಅಂದಳು. ನೋನಿಯ ಮಾತನ್ನು ಅವಳು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಅದೇ ಚಳಿಗಾಲದಲ್ಲಿ ಹೊಸ ಹುಚ್ಚೊಂದು ಬಂತು. ಹುಡುಗ ಹುಡುಗಿಯರು ಕ್ಷೌರದ ಅಲಗಿನಿಂದ ಬೇಕೆಂದೇ ಹುಬ್ಬಿನಲ್ಲಿ ಸೀಳು ಬಿಡಿಸಿಕೊಳ್ಳತೊಡಗಿದರು. ನೋನಿಯ ಮೊಮ್ಮಗಳು ಕ್ಲೀಯೊನಾ ಕೂಡ ಹಾಗೇ ಮಾಡಿಕೊಂಡು ಅಂಗಡಿಗೆ ಬಂದಳು.

"ಕುರಿ ನುಗ್ಗಿದ ಬೇಲಿ ಹಾಗಿದೆಯಲ್ಲೇ ಹುಬ್ಬು" ಎಂದಳು ಡಿಂಪ್ನಾ, ಜನ ತುಂಬಿದ ಅಂಗಡಿಯಲ್ಲಿ.

"ಅಜ್ಜಿದೂ ಹೀಗೇ ಇದೆ."

"ಅಜ್ಜಿದು ಅಪಘಾತ. ನಿಂದು ಅಪರಾಧ."

ಎಲ್ಲರೂ ನಕ್ಕರು. ಹುಡುಗಿ ಕೊಂಡಿದ್ದನ್ನು ಅಲ್ಲೇ ಬಿಟ್ಟು ಹೋದಳು.

ಈಸ್ಟರ್ ಕಳೆದ ವಾರ ನೋನಿ ಕೋಳಿಗೂಡಿನ ಬಾಗಿಲು ತೆಗೆಯಲು ಹೋದವಳು ಅಲ್ಲೇ ಕುಸಿದು ತೀರಿಕೊಂಡಳು. ಶವಪೆಟ್ಟಿಗೆಯ ಹೆರಾಟಿ ಬಂದು, ಹೆಣ ತೊಳೆದು ಉಡಿಸಿ ತನ್ನ ಕೆಲಸ ಮುಗಿಸಿದ. ಮಗಳು ಬ್ರೀಡಾಗೆ ಮಾತ್ರ ತಾಯಿಯ ಮುಖ ನೋಡಿ ತಡೆಯಲಾಗಲಿಲ್ಲ. ಡಿಂಪ್ನಾಗೆ ಫೋನು ಮಾಡಿದಳು.

"ಅಮ್ಮ ತುಂಬಾ ಬಿಳಿಚಿಕೊಂಡಿದಾಳೆ. ಸ್ವಲ್ಪ ಬಣ್ಣ ಬರೋ ಹಾಗೆ ಮಾಡ್ತೀಯಾ? ಸ್ವಲ್ಪ ಸಾಕು."

ಡಿಂಪ್ನಾ ತನ್ನ ಬಣ್ಣದ ಡಬ್ಬಗಳ ದೊಡ್ಡ ಪೆಟ್ಟಿಗೆಯನ್ನೇ ತಂದಳು. ಹೊರಕೋಣೆಯಲ್ಲಿ ಕಿಟಕಿಯ ಕೆಳಗೆ ನೋನಿಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಮಗಳು ಕೇಳಿದ ಸ್ವಲ್ಪ ಅವಳ ಕೈಯಲ್ಲಿ ಸ್ವಲ್ಪವಾಗಿ ಉಳಿಯಲಿಲ್ಲ. ಇಷ್ಟು ವರ್ಷ ಬೇಡ ಬೇಡ ಎಂದ ಮುಖ ಈಗ ಏನೂ ಅನ್ನದೆ ಮಲಗಿತ್ತು. ಮೊದಲು ಬಾಟಲಿಯ ಬಿಸಿಲು, ಕಿವಿಯ ಹಿಂದಿನಿಂದ ಕತ್ತಿನವರೆಗೆ. ಚುಕ್ಕೆಗಳು ಅಡಗುವಂತೆ ಅದರ ಮೇಲೆ ಪೌಡರು. ತುಟಿಗೆ ಹವಳದ ಬಣ್ಣ. ಹುಬ್ಬಿನ ಸೀಳಿಗೆ ಹೆರಾಟಿ ಬಿಟ್ಟುಹೋಗಿದ್ದ ಮೇಣ ತುಂಬಿ, ಸವರಿ, ಅದರ ಮೇಲೆ ಒಂದೊಂದೇ ಕೂದಲಿನ ಹಾಗೆ ಗೀಟೆಳೆದಳು. ಕೆಲಸ ಮಾತ್ರ ಅಪ್ಪಟ. ಬಾಗಿಲು ತೆಗೆದಾಗ ಅವಳ ಮುಖದಲ್ಲಿ ಇದ್ದದ್ದು ದುಃಖವಲ್ಲ, ಗೆಲುವು. ಬ್ರೀಡಾ ನೋಡಿದಳು, ಬಾಯಿಗೆ ಕೈ ಇಟ್ಟುಕೊಂಡು ಒಳಗೆ ಹೋದಳು. ಅಳು ಬಂದಿರಬೇಕು ಅಂದುಕೊಂಡಳು ಡಿಂಪ್ನಾ.

ಮಧ್ಯಾಹ್ನ ಜನ ಬರತೊಡಗಿದರು. ಸತ್ತವರ ಮನೆಗೆ ಹೋದಾಗ ನಮ್ಮಲ್ಲಿ ಮನೆಯವರ ಕೈ ಹಿಡಿದು ದುಃಖ ಹೇಳಿ, ಪೆಟ್ಟಿಗೆಯ ಬಳಿ ಒಂದು ಗಳಿಗೆ ನಿಂತು, ಒಂದೇ ಮಾತು ಹೇಳುತ್ತಾರೆ: ಅವಳು ಅವಳ ಹಾಗೇ ಇದಾಳೆ. ಅಷ್ಟು ಅಂದರೆ ಮನೆಯವರ ಮನಸ್ಸು ತಣ್ಣಗಾಗುತ್ತದೆ. ಎಷ್ಟು ಕಾಯಿಲೆ ತಿಂದ ಹೆಣಕ್ಕೂ ಆ ಮಾತನ್ನು ನಾವು ಇಲ್ಲವೆಂದವರಲ್ಲ. ಡಿಂಪ್ನಾ ಹಂದಿಮಾಂಸದ ಸ್ಯಾಂಡ್‌ವಿಚ್ ತಟ್ಟೆ ಹಿಡಿದು, ಪೆಟ್ಟಿಗೆಯ ಹತ್ತಿರವೇ ನಿಂತು, ಆ ಮಾತಿಗೆ ಕಾದಳು.

ಮೊದಲು ಬಂದ ಮುದುಕಿ ಬಾಗಿ ನೋಡಿ, "ಜಪಮಾಲೆ ಎಷ್ಟು ಚೆನ್ನಾಗಿದೆ" ಎಂದಳು.

ಎರಡನೆಯವಳು ರವಿಕೆಯ ಕಸೂತಿ ಹೊಗಳಿದಳು. ಮೂರನೆಯವನು ಪೆಟ್ಟಿಗೆಯ ಅಂಚನ್ನು ಬೆರಳಿಂದ ಬಡಿದು, "ಓಕ್ ಮರ. ಒಳ್ಳೇ ಮರ" ಎಂದ. ಒಬ್ಬ ಹೆಂಗಸು ಏನೂ ಸಿಗದೆ ಕಿಟಕಿಯ ಪರದೆ ಹೊಸದಾ ಎಂದು ಕೇಳಿದಳು. ಬಂದವರೆಲ್ಲ ಮುಖದ ಸುತ್ತ ಸುತ್ತಿದರು, ಮುಖದ ಮೇಲೆ ಯಾರ ಮಾತೂ ಇಳಿಯಲಿಲ್ಲ. ಡಿಂಪ್ನಾಳ ತಟ್ಟೆ ಮಾತ್ರ ಬೇಗ ಬೇಗ ಖಾಲಿಯಾಯಿತು. ಕೈಗೆ, ಬಾಯಿಗೆ ಒಂದು ಕೆಲಸ ಬೇಕಿತ್ತು ಎಲ್ಲರಿಗೂ.

ತಟ್ಟೆ ತುಂಬಿಸಲು ಹೋದಾಗ ಹಿತ್ತಲ ಬಾಗಿಲ ಆಚೆಯಿಂದ ಅಂಚೆಯ ಜಾರ್ಲತ್‌ನ ದನಿ ಕೇಳಿಸಿತು.

"ಹುಲ್ಲು ಕುಯ್ಯೋಕೆ ಇನ್ನೂ ಎರಡು ತಿಂಗಳಿದೆ. ಜಿಲ್ಲೆಗೆಲ್ಲ ಮಳೆ, ನೋನಿ ಒಬ್ಬಳ ಮೇಲೆ ಬಿಸಿಲು ಬಿದ್ದಿದೆಯಲ್ಲಪ್ಪ."

"ಮೆಲ್ಲಗೆ ಮಾತಾಡೋ."

"ಮೆಲ್ಲಗೇ ಹೇಳ್ತಿದೀನಿ. ಒಳಗೆ ಹೋಗಿ ಬೇರೆ ಯಾರದೋ ಮನೆಗೆ ಬಂದ್ನಾ ಅಂತ ವಾಪಸ್ ಬಾಗಿಲು ನೋಡಿದೆ."

ನಗೆ ಅದುಮಿದ ಸದ್ದು. ಡಿಂಪ್ನಾಳ ಕಿವಿ ಬಿಸಿಯಾಯಿತು. ಗಂಡಸರಿಗೆ ಬಣ್ಣದ ವಿಷಯ ಏನು ಗೊತ್ತು ಎಂದುಕೊಂಡು ತಟ್ಟೆ ಎತ್ತಿಕೊಂಡು ಮರಳಿದಳು.

ಆಗ ಮ್ಯಾಟಿಯನ್ನು ಕರೆತಂದರು. ಬೆಳಿಗ್ಗೆಯಿಂದ ಕೋಳಿಗೂಡಿನ ಬಳಿ ಕೂತಿದ್ದವನಿಗೆ ಬಿಳಿ ಅಂಗಿ ತೊಡಿಸಿದ್ದರು. ಕ್ಲೀಯೊನಾ ಅವನ ಮೊಣಕೈ ಹಿಡಿದಿದ್ದಳು. ಪೆಟ್ಟಿಗೆಯ ತಲೆಯ ಬಳಿ ಅವನಿಗೆಂದು ಕುರ್ಚಿ ಇತ್ತು; ಮುಚ್ಚಳ ಹಾಕುವ ತನಕ ಗಂಡನಾದವನು ಕೂರುವ ಜಾಗ. ಅವನು ನಿಂತೇ ಕೈ ಚಾಚಿ, ಹೆಬ್ಬೆರಳನ್ನು ಎಡಹುಬ್ಬಿನ ಮೇಲಿಟ್ಟ. ಬೆರಳು ಮೂಗಿನ ಬುಡದಿಂದ ಹೊರಟು ಕಿವಿಯತ್ತ ಜಾರಿತು. ತಿರುಗಿ ಬಂತು. ಇನ್ನೊಮ್ಮೆ ಹೋಯಿತು, ಕತ್ತಲಲ್ಲಿ ಚಿಲಕ ಹುಡುಕುವವನ ಹಾಗೆ. ಮೇಣ ಗಟ್ಟಿಯಾಗಿ ಕೂತಿತ್ತು. ಪೆನ್ಸಿಲು ಡಿಂಪ್ನಾ ಹೇಳುತ್ತಿದ್ದಂತೆಯೇ ಅಳಿಸಲಿಲ್ಲ.

ಮ್ಯಾಟಿ ಕೈ ಹಿಂದೆ ತೆಗೆದುಕೊಂಡ. ಅವನು ಯಾರ ಮನಸ್ಸನ್ನೂ ನೋಯಿಸಿದವನಲ್ಲ.

"ಡಿಂಪ್ನಾ ಇದಾಳಾ ಇಲ್ಲಿ?"

"ಇದೀನಿ ಮ್ಯಾಟಿ."

"ತುಂಬಾ ಕಷ್ಟಪಟ್ಟಿದೀಯಮ್ಮ. ದೇವರು ಒಳ್ಳೇದು ಮಾಡ್ಲಿ."

ಅಷ್ಟು ಹೇಳಿ, ಕುರ್ಚಿ ಬಿಟ್ಟು, ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ಕೂತ. ಬ್ರೀಡಾ ಎರಡು ಸಲ ಕರೆದಳು, ಬರುತ್ತೇನೆ ಎಂದ, ಬರಲಿಲ್ಲ. ತಲೆಯ ಬಳಿಯ ಕುರ್ಚಿ ಖಾಲಿ ಉಳಿಯಿತು. ಊರೆಲ್ಲ ಅದನ್ನು ನೋಡಿತು, ಯಾರೂ ಅದರಲ್ಲಿ ಕೂರಲಿಲ್ಲ.

ಆಗ ಡಿಂಪ್ನಾಗೆ ಶುಕ್ರವಾರ ನೋನಿ ಆಡಿದ್ದ ಹೆಬ್ಬೆರಳಿನ ಮಾತು ಬಂದು ಬಡಿಯಿತು, ಗಾಡಿಯ ಕೊಕ್ಕೆ ಬಡಿದ ಹಾಗೆ. ತಟ್ಟೆಯನ್ನು ಕಿಟಕಿಯ ಅಂಚಿನ ಮೇಲಿಟ್ಟು, ಕೋಟು ಎತ್ತಿಕೊಂಡು, ಯಾರ ಕಣ್ಣಿಗೂ ಕಣ್ಣು ಕೊಡದೆ ಹೊರಟಳು. ಕಾರಿನ ಬೀಗದ ಕೈ ಬೆರಳಲ್ಲೇ ಇತ್ತು. ಅಂಗಳದ ಗೋಡೆಯ ಮೇಲೆ ಕ್ಲೀಯೊನಾ ಕೂತಿದ್ದಳು.

"ಹೊರಟ್ರಾ?"

"ತಲೆ ನೋಯ್ತಿದೆ ಕಣೇ."

"ಏಳು ಗಂಟೆಗೆ ಜಪ. ನಾಳೆ ಬೆಳಿಗ್ಗೆ ಮುಚ್ಚಳ ಹಾಕ್ತಾರೆ. ತಾತ ಅಜ್ಜಿನ ಇನ್ನೂ ನೋಡಿಲ್ಲ." ಹುಡುಗಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹುಬ್ಬಿನ ಸೀಳಿನಲ್ಲಿ ಹೊಸ ಕೂದಲು ಮೊಳೆಯುತ್ತಿತ್ತು. "ನಾನು ಒರೆಸೋಣ ಅಂತ ಹೋದೆ. ಹುಬ್ಬಿಂದು ಬಿಡಲೇ ಇಲ್ಲ. ಅದು ಹೇಗೆ ತೆಗೀಬೇಕು ಅಂತ ನಿಮಗೇ ಗೊತ್ತಲ್ವಾ."

ಕಾರಿನ ಬಾಗಿಲು ತೆರೆದಿತ್ತು. ಹತ್ತಿ ಹೋಗಿದ್ದರೆ ಯಾರೂ ಅವಳ ಎದುರು ಒಂದು ಮಾತೂ ಆಡುತ್ತಿರಲಿಲ್ಲ. ನಾವು ಎದುರಿಗೆ ಆಡುವವರಲ್ಲ. ಡಿಂಪ್ನಾ ಬಾಗಿಲು ಮುಚ್ಚಿ, ಅಡುಗೆಮನೆಗೆ ವಾಪಸು ಬಂದಳು.

"ಒಂದು ಬೋಗುಣಿ ಬೆಚ್ಚಗಿನ ನೀರು ಬೇಕಿತ್ತು" ಎಂದಳು. "ಒಂದು ಮೆತ್ತನೆ ಬಟ್ಟೆ. ಬೆಣ್ಣೆ ಇದ್ರೆ ಒಂದು ಚೂರು."

ಬ್ರೀಡಾ ಕೇಳಲಿಲ್ಲ ಯಾಕೆಂದು. ನೀರು ಬಗ್ಗಿಸುತ್ತಾ, "ಜನರನ್ನ ಹೊರಗೆ ಕಳಿಸ್ಲಾ?" ಎಂದಳಷ್ಟೆ.

ಡಿಂಪ್ನಾ ಬೇಡವೆಂದು ತಲೆಯಾಡಿಸಿದಳು. ಬೆಳಿಗ್ಗೆ ಎಲ್ಲರನ್ನೂ ಹೊರಗೆ ಹಾಕಿದ್ದು ತಾನೇ. ಇನ್ನೊಮ್ಮೆ ಹಾಗನ್ನಲು ಅವಳಿಗೆ ಬಾಯಿ ಬರಲಿಲ್ಲ.

ಊರಿನ ಕಣ್ಣೆಲ್ಲ ಬೆನ್ನ ಮೇಲೆ ಹೊತ್ತುಕೊಂಡು ಆ ಮುಖ ತೊಳೆದಳು. ಹವಳದ ತುಟಿ ಹೋಯಿತು. ಕೆನ್ನೆಯ ಬಿಸಿಲು ಪದರ ಪದರವಾಗಿ ಬಟ್ಟೆಗೆ ಬಂತು, ಕೂದಲಂಚಿನಲ್ಲಿ ಮಾತ್ರ ಸ್ವಲ್ಪ ಹಠ ಹಿಡಿದು ಉಳಿಯಿತು. ಚುಕ್ಕೆಗಳು ಒಂದೊಂದಾಗಿ ಎದ್ದವು. ಹುಬ್ಬಿಗೆ ನೀರು ಸಾಲಲಿಲ್ಲ. ಬೆಣ್ಣೆ ಹಚ್ಚಿ, ಉಜ್ಜಿ, ಉಗುರಿನಿಂದ ಮೇಣ ಬಿಡಿಸಬೇಕಾಯಿತು. ಅಷ್ಟು ಹೊತ್ತೂ ಬಗ್ಗಿದ ಅವಳ ಮೂಗಿನ ತುದಿಯಿಂದ ಬೆವರೋ ಕಣ್ಣೀರೋ ಹನಿಯುತ್ತಿತ್ತು. ಅವಳದೇ ಪೌಡರು ಗೆರೆಗೆರೆಯಾಗಿ ಇಳಿದಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾವು ಎಲ್ಲರೂ ನೋಡಿದೆವು. ನೋಡಬಾರದಿತ್ತು.

ಕ್ಲೀಯೊನಾ ಹೋಗಿ ತಾತನನ್ನು ಎಬ್ಬಿಸಿಕೊಂಡು ಬಂದಳು. ಹೆಬ್ಬೆರಳು ಹುಬ್ಬಿನ ಮೇಲೆ ಹೊರಟು ಅರ್ಧದಲ್ಲಿ ನಿಂತಿತು.

"ಹಾಂ" ಎಂದ ಮ್ಯಾಟಿ. ಕುರ್ಚಿ ಎಳೆದುಕೊಂಡು ಕೂತ. ಬೆರಳು ತೆಗೆಯಲಿಲ್ಲ.

ಜಾರ್ಲತ್ ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದ. "ಅವಳು ಅವಳ ಹಾಗೇ ಇದಾಳೆ, ಮ್ಯಾಟಿ."

"ಇದಾಳೆ ಕಣೋ" ಎಂದ ಮ್ಯಾಟಿ.

ಆ ಮಾತು ಕೇಳಲು ಡಿಂಪ್ನಾ ಅಲ್ಲಿರಲಿಲ್ಲ. ಕಂದುನೀರಿನ ಬೋಗುಣಿಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ಹೆಂಗಸರ ಮುಂದೆ ಚೆಲ್ಲಲಾರದೆ, ಕೋಳಿಗೂಡಿನ ಹಿಂದೆ ಹೋಗಿ ಚೆಲ್ಲುತ್ತಿದ್ದಳು. ಬಟ್ಟೆಯನ್ನು ಹಿಂಡಿ ತನ್ನ ಕೈಚೀಲದೊಳಗೇ ಹಾಕಿಕೊಂಡು ಹೋದಳು.

ಮಣ್ಣಿನ ದಿನ ಚರ್ಚಿಗೆ ಬಂದಾಗ ಅವಳ ಮುಖದಲ್ಲಿ ಪೌಡರಿತ್ತು, ತುಟಿಗೆ ಬಣ್ಣವಿತ್ತು, ಎಂದಿನ ಹಾಗೇ. ಹಿಂದಿನ ಬೆಂಚಿನಲ್ಲಿ ಕೂತು, ಜನ ಏಳುವ ಮೊದಲೇ ಹೊರಟುಹೋದಳು. ಅಂಗಡಿಗೂ ಬಂದಳು. ಬಸವನಹುಳದ ಕ್ರೀಮಿಗೆ ಬೈಯುವುದನ್ನೂ ಬಿಡಲಿಲ್ಲ. ಆದರೆ ಯಾರಾದರೂ ಕಟ್ಟೆಗೆ ಒರಗಿ ನನಗೆ ಯಾವುದು ಒಪ್ಪುತ್ತೆ ಎಂದು ಮುಖ ಚಾಚಿದರೆ, ಅವಳ ಕುತ್ತಿಗೆ ಕೆಂಪಾಗುತ್ತಿತ್ತು. ನೀನೇ ನೋಡಿಕೋ ಎಂದು ಕನ್ನಡಿ ಮುಂದಕ್ಕೆ ತಳ್ಳುತ್ತಿದ್ದಳು. ಶುಕ್ರವಾರ ಮ್ಯಾಟಿಯ ಕೋಲಿನ ಸದ್ದು ಕೇಳಿದ ಕೂಡಲೇ ಹಿಂದಿನ ಕೋಣೆಗೆ ಹೋಗಿ, ಅವನು ಮಾತ್ರೆ ತೆಗೆದುಕೊಂಡು ಹೋಗುವವರೆಗೆ ಡಬ್ಬಿಗಳನ್ನು ಅತ್ತಿಂದಿತ್ತ ಜೋಡಿಸುತ್ತಿದ್ದಳು.

ಬೇಸಿಗೆಗೆ ಹುಬ್ಬು ಸೀಳುವ ಹುಚ್ಚು ಊರಲ್ಲಿ ತಣ್ಣಗಾಯಿತು. ಹುಡುಗಿಯರೆಲ್ಲ ಮತ್ತೆ ಕೂದಲು ಬೆಳೆಸಿಕೊಂಡರು. ಒಂದು ಸಂಜೆ ಕ್ಲೀಯೊನಾ ಬಂದು ಕ್ಷೌರದ ಸಣ್ಣ ಅಲಗು ಕೇಳಿದಳು. ಅಂಗಡಿಯಲ್ಲಿ ನಾಲ್ಕೈದು ಜನವಿದ್ದೆವು. ಡಿಂಪ್ನಾ ಏನಾದರೂ ಅನ್ನುತ್ತಾಳೆಂದು ನಾವೆಲ್ಲ ಕಾದೆವು. ಅವಳು ಅಲಗು ತೆಗೆದುಕೊಟ್ಟಳು. ಕನ್ನಡಿ ಎತ್ತಿ ಹುಡುಗಿಯ ಎದುರು ಹಿಡಿದಳು. ಹುಡುಗಿ ಅಲಗನ್ನು ಎಡಹುಬ್ಬಿಗೆ ಮುಟ್ಟಿಸಿದಾಗ ಡಿಂಪ್ನಾ ಒಂದು ಸಲ ನೋಡಿ, ಕಣ್ಣನ್ನು ಗಾಜಿನ ಕಟ್ಟೆಗೆ ಇಳಿಸಿದಳು.

"ಇನ್ನೂ ಸ್ವಲ್ಪ ಕಿವಿ ಕಡೆಗೆ" ಎಂದಳು, ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ. "ನಿಮ್ಮಜ್ಜಿದು ಅಲ್ಲಿತ್ತು."